ಬೀಗದ ಕೈ ಯಾರ ಕೈಯಲ್ಲಿ?

ನಮ್ಮ ಭಾಷಾ ವಿಭಾಗಗಳಲ್ಲಿ ಒಂದು ಮಾತು ಬಹಳ ಗೌರವದಿಂದ ಬಾಳುತ್ತಿದೆ: 'ಅದೆಲ್ಲ ಕಂಪ್ಯೂಟರ್‌ನವರ ಕೆಲಸ.' ಪ್ರಿಂಟರ್ ಕೈಕೊಟ್ಟಾಗ ಈ ಮಾತು ಬರುತ್ತದೆ. ನುಡಿಯಲ್ಲಿ ಟೈಪಿಸಿದ ಹಳೆಯ ಪ್ರಬಂಧ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ತೆರೆದುಕೊಂಡಾಗ ಬರುತ್ತದೆ. ವಿಭಾಗದ ಸ್ಕ್ಯಾನ್ ಸಂಗ್ರಹದಲ್ಲಿ ಏನೋ ನೋಡಬೇಕಿತ್ತು ಎಂದು ವಿದ್ಯಾರ್ಥಿಯೊಬ್ಬಳು ಊರಿನಿಂದ ಫೋನ್ ಮಾಡಿದಾಗಲೂ ಬರುತ್ತದೆ. ಕೇಳಲು ಇದು ವಿನಯದ ಮಾತು. ನಾವು ಪಂಪನನ್ನು ಓದುವವರು, ವೈರು ಹಿಡಿಯುವವರಲ್ಲ ಎಂಬ ಧ್ವನಿ ಅದರಲ್ಲಿದೆ. ಆದರೆ ಈ ವಿನಯದ ಖರ್ಚನ್ನು ಅದನ್ನು ಆಡುವವರು ಭರಿಸುತ್ತಿಲ್ಲ, ಫೋನ್ ಮಾಡಿದ ವಿದ್ಯಾರ್ಥಿನಿ ಭರಿಸುತ್ತಿದ್ದಾಳೆ.

ಒಂದು ಕಂಪ್ಯೂಟರಿನ ಮುಂದೆ ಕುಳಿತು ಬೇರೆಲ್ಲೋ ಇರುವ ಇನ್ನೊಂದು ಕಂಪ್ಯೂಟರನ್ನು ಬಳಸುವುದಕ್ಕೆ ರಿಮೋಟ್ ಆಕ್ಸೆಸ್ ಎನ್ನುತ್ತೇವೆ. ದೂರಪ್ರವೇಶ ಎಂದರೂ ಆದೀತು. ಇದನ್ನು ಸಾಹಿತ್ಯದ ವಿದ್ಯಾರ್ಥಿಗಳು ಕಲಿಯಬೇಕು, ವಿಭಾಗಗಳು ತಾವೇ ಏರ್ಪಡಿಸಿಕೊಳ್ಳಬೇಕು ಎಂಬುದು ನನ್ನ ವಾದ. ಏರ್ಪಡಿಸಿಕೊಳ್ಳದೆ ಇದ್ದರೆ ಬಾಗಿಲು ಭದ್ರವಾಗಿ ಮುಚ್ಚಿರುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ನಿಜವಲ್ಲ. ಬಾಗಿಲು ಆಗಲೂ ತೆರೆದೇ ಇರುತ್ತದೆ, ಒಳಬರುವವರು ಯಾರೆಂದು ತೀರ್ಮಾನಿಸುವವರು ಮಾತ್ರ ನಾವಾಗಿರುವುದಿಲ್ಲ.

ಮೊದಲು, ಇದು ಯಾರಿಗೆ ಬೇಕು ಎಂಬುದನ್ನು ನೋಡೋಣ. ಕನ್ನಡದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಎಲ್ಲರೂ ದಿನವಿಡೀ ಕ್ಯಾಂಪಸ್ಸಿನಲ್ಲಿ ಇರುವವರಲ್ಲ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತ, ರಜೆ ಸಿಕ್ಕಾಗ ಬಸ್ಸು ಹತ್ತಿ ವಿಶ್ವವಿದ್ಯಾಲಯಕ್ಕೆ ಬರುವವರಿದ್ದಾರೆ. ಕತ್ತಲಾಗುವ ಮುನ್ನ ಹಾಸ್ಟೆಲ್ ಗೇಟಿನೊಳಗೆ ಇರಬೇಕಾದ ಹೆಣ್ಣುಮಕ್ಕಳಿದ್ದಾರೆ. ಮಗುವನ್ನು ಮಲಗಿಸಿ ರಾತ್ರಿ ಹತ್ತಕ್ಕೆ ಓದು ಶುರುಮಾಡುವವರಿದ್ದಾರೆ. ವಿಭಾಗದ ಕಂಪ್ಯೂಟರ್ ಇರುವ ಕೋಣೆಯದು ಮಾತ್ರ ಬೆಳಗ್ಗೆ ಹತ್ತರಿಂದ ಸಂಜೆ ಐದರ ಲೆಕ್ಕ. ಅಟೆಂಡರ್ ರಜೆ ಹಾಕಿದ ದಿನ ಅದೂ ಇಲ್ಲ.

ಆ ಕೋಣೆಯೊಳಗೆ ಏನಿದೆ? ಸ್ಕ್ಯಾನ್ ಮಾಡಿಟ್ಟ ಹಳೆಯ ನಿಯತಕಾಲಿಕೆಗಳು, ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿದ ಹಾಡುಗಳು, ಅಚ್ಚಾಗದ ಪ್ರಬಂಧಗಳು. ಜೊತೆಗೆ, ನಮ್ಮ ಬಹುಪಾಲು ಲ್ಯಾಪ್‌ಟಾಪುಗಳಿಗಿಂತ ಗಟ್ಟಿಯಾದ ಒಂದು ಯಂತ್ರ. ಟೆಸೆರ್ಯಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡದ ಮುದ್ರಿತ ಪುಟದ ಚಿತ್ರವನ್ನು ಓದಿ, ಹುಡುಕಬಹುದಾದ ಪಠ್ಯವನ್ನಾಗಿ ಕೊಡುತ್ತದೆ. ತಪ್ಪುಗಳಿರುತ್ತವೆ. ಆದರೂ ಸಾವಿರಾರು ಪುಟಗಳಲ್ಲಿ ಒಂದು ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ಅದು ಸಾಕು. ಅಷ್ಟು ಪುಟಗಳನ್ನು ಓದಿಸಲು ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತು ದುಡಿಯಬಲ್ಲ ಯಂತ್ರವೂ ಬೇಕು. ವಿಭಾಗದ ಯಂತ್ರ ಸಂಜೆ ಐದರಿಂದ ಬೆಳಗ್ಗೆ ಹತ್ತರವರೆಗೆ, ಅಂದರೆ ದಿನದ 24 ಗಂಟೆಯಲ್ಲಿ 17 ಗಂಟೆ, ಬೀಗ ಹಾಕಿದ ಕೋಣೆಯಲ್ಲಿ ಸುಮ್ಮನೆ ಕೂತಿರುತ್ತದೆ. ಸಾರ್ವಜನಿಕ ಹಣದಲ್ಲಿ ಕೊಂಡ ಯಂತ್ರ ಅದು.

ನಾವು ಕೆಲವು ಸಂಶೋಧನಾ ವಿದ್ಯಾರ್ಥಿಗಳು ಸೇರಿ, ಇಂಥದೊಂದು ಯಂತ್ರಕ್ಕೆ ಹೊರಗಿನಿಂದ ಪ್ರವೇಶ ಕೊಡಿ ಎಂದು ಅರ್ಜಿ ಬರೆದೆವು. 'ಭದ್ರತಾ ಕಾರಣಗಳಿಂದ ಸಾಧ್ಯವಿಲ್ಲ' ಎಂಬ ಒಂದು ಸಾಲಿನ ಉತ್ತರ ಬಂತು. ಅದೇ ತಿಂಗಳು ಆ ಯಂತ್ರದಲ್ಲಿ ಏನೋ ತೊಂದರೆಯಾಯಿತು. ಬೇರೆ ಊರಿನ ಸರ್ವೀಸ್ ಹುಡುಗನೊಬ್ಬ ಫೋನಿನಲ್ಲಿ ಒಂದು ತಂತ್ರಾಂಶ ಹಾಕಿಸಿ, ಪರದೆಯ ಮೇಲೆ ಬಂದ ಅಂಕಿಗಳನ್ನು ಓದಿಸಿಕೊಂಡು, ಒಳಗೆ ಬಂದು ಅರ್ಧ ಗಂಟೆ ಓಡಾಡಿ ಹೋದ. ಅವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ತಂತ್ರಾಂಶವನ್ನು ಯಾರೂ ತೆಗೆಯಲೂ ಇಲ್ಲ. ಹೆಸರು, ನೋಂದಣಿ ಸಂಖ್ಯೆ, ಮಾರ್ಗದರ್ಶಕರ ಸಹಿ ಎಲ್ಲ ಇರುವ ವಿದ್ಯಾರ್ಥಿಗೆ ಭದ್ರತೆಯ ಅಡ್ಡಿ. ಹೆಸರೇ ಗೊತ್ತಿಲ್ಲದವನಿಗೆ ಸ್ವಾಗತ. ನಮ್ಮ ಸಂಸ್ಥೆಗಳ 'ಭದ್ರತೆ'ಯ ಸ್ವರೂಪ ಇದು.

ಅಂತರ್ಜಾಲದ ಚರಿತ್ರೆ ಬಲ್ಲವರಿಗೆ ಇದರಲ್ಲಿ ಇನ್ನೊಂದು ವ್ಯಂಗ್ಯವೂ ಕಾಣುತ್ತದೆ. ಅಂತರ್ಜಾಲದ ಮೂಲವೇ ದೂರಪ್ರವೇಶದ ಅಗತ್ಯದಲ್ಲಿದೆ. 1960ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಬ್ ಟೇಲರ್ ಅವರ ಕಚೇರಿಯಲ್ಲಿ ಮೂರು ಊರಿನ ಮೂರು ಕಂಪ್ಯೂಟರುಗಳಿಗೆ ಮೂರು ಬೇರೆ ಬೇರೆ ಟರ್ಮಿನಲ್‌ಗಳಿದ್ದವು. ಒಂದೇ ಟರ್ಮಿನಲ್‌ನಿಂದ ಎಲ್ಲ ಕಡೆಗೂ ಹೋಗುವಂತಿರಬೇಕಲ್ಲವೇ ಎಂಬ ಪ್ರಶ್ನೆಯಿಂದ ಅರ್ಪಾನೆಟ್‌ನ ಕೆಲಸ ಮೊದಲಾಯಿತು. ಯಂತ್ರಗಳು ದುಬಾರಿ, ಬಳಸಬೇಕಾದ ಸಂಶೋಧಕರು ದೂರ ದೂರ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚಾರ್ಲಿ ಕ್ಲೈನ್ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಎಂದು ಕಳಿಸಲು ಹೊರಟರು. 'ಎಲ್', 'ಓ' ಎಂಬ ಎರಡು ಅಕ್ಷರ ತಲುಪಿದವು, ಅಷ್ಟರಲ್ಲಿ ಆ ಕಡೆಯ ವ್ಯವಸ್ಥೆ ಕುಸಿಯಿತು. ಸುಮಾರು ಒಂದು ಗಂಟೆಯ ನಂತರ ಲಾಗಿನ್ ಪೂರ್ತಿಯಾಯಿತು. ಆ ಜಾಲದಲ್ಲಿ ಹರಿದ ಮೊದಲ ಸಂದೇಶ ಒಬ್ಬ ವಿದ್ಯಾರ್ಥಿ ದೂರದ ಯಂತ್ರದ ಬಾಗಿಲು ತಟ್ಟಿದ್ದು. ಐದು ದಶಕ ಕಳೆದ ಮೇಲೆ ನಮ್ಮ ವಿದ್ಯಾರ್ಥಿ ಅದೇ ಬಾಗಿಲು ತಟ್ಟಿದರೆ ಅದು ಅನುಮಾನಾಸ್ಪದ ನಡವಳಿಕೆ.

ಬಾಗಿಲು ತಟ್ಟುವುದರಲ್ಲಿ ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆರಂಭದ ದಶಕಗಳಲ್ಲಿ ಈ ಕೆಲಸಕ್ಕೆ ಬಳಸುತ್ತಿದ್ದ ಟೆಲ್‌ನೆಟ್ ಎಂಬ ವ್ಯವಸ್ಥೆ ಬಳಕೆದಾರರ ಪಾಸ್‌ವರ್ಡನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆದ ಹಾಗೆ ಬಿಚ್ಚಾಗಿ ಕಳಿಸುತ್ತಿತ್ತು. ನಡುದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹಾಗೆಯೇ ಆಯಿತು, ಪಾಸ್‌ವರ್ಡುಗಳು ಕದ್ದುಹೋದವು. ಅಲ್ಲಿನ ಆಡಳಿತ 'ಭದ್ರತಾ ಕಾರಣಗಳಿಂದ' ಎಂದು ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಅಲ್ಲಿಯ ಸಂಶೋಧಕ ತಾತು ಯೂಲೊನೆನ್ ಮಾತುಕತೆಯಷ್ಟನ್ನೂ ಗೂಢಲಿಪಿಯಲ್ಲಿ ಸಾಗಿಸುವ ಹೊಸ ವ್ಯವಸ್ಥೆಯನ್ನು ಬರೆದರು. ಅದಕ್ಕೆ ಎಸ್‌ಎಸ್‌ಎಚ್, ಅಂದರೆ ಸೆಕ್ಯೂರ್ ಶೆಲ್, ಎಂದು ಹೆಸರು. ಕಡತಗಳನ್ನು ಸಾಗಿಸುವ ಎಫ್‌ಟಿಪಿಯ ಸಂಖ್ಯೆ 21, ಟೆಲ್‌ನೆಟ್‌ನದು 23. ನಡುವೆ ಖಾಲಿ ಇದ್ದ 22ನ್ನು ಅವರು ಕೇಳಿ ಪಡೆದರು. ಆ ವರ್ಷದ ಜುಲೈನಲ್ಲಿ ಉಚಿತವಾಗಿ ಹಂಚಿದ ಈ ತಂತ್ರಾಂಶ ವರ್ಷಾಂತ್ಯಕ್ಕೆ ಸುಮಾರು 50 ದೇಶಗಳ 20,000 ಮಂದಿಯ ಕೈಸೇರಿತ್ತು. 1999ರಲ್ಲಿ ಓಪನ್‌ಬಿಎಸ್‌ಡಿ ಬಳಗ ಅದರ ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್ ಅನ್ನು ಹೊರತಂದಿತು. ಇಂದು ಲಿನಕ್ಸ್, ಮ್ಯಾಕ್ ಯಂತ್ರಗಳಲ್ಲಿ ಅದೇ ಇದೆ. 2018ರಿಂದ ವಿಂಡೋಸ್ 10ರಲ್ಲೂ ಇದೆ. ಈ ಬರಹವನ್ನು ನೀವು ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದರೆ ಬಹುಶಃ ಅದರಲ್ಲೂ ಇದ್ದೀತು.

ಎಸ್‌ಎಸ್‌ಎಚ್‌ನ ತಿರುಳು ಅರ್ಥವಾಗಲು ಗಣಿತ ಬೇಕಿಲ್ಲ, ಬೀಗ ಮತ್ತು ಬೀಗದ ಕೈ ಗೊತ್ತಿದ್ದರೆ ಸಾಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಆದೇಶ ಕೊಟ್ಟರೆ ಎರಡು ಪುಟ್ಟ ಫೈಲುಗಳು ಹುಟ್ಟುತ್ತವೆ. ಒಂದು ಬೀಗ. ಅದನ್ನು ಯಾರಿಗೆ ಬೇಕಾದರೂ ಕೊಡಬಹುದು, ವಿಭಾಗದ ಯಂತ್ರಕ್ಕೆ ಜಡಿಯಬಹುದು, ನೋಟಿಸ್ ಬೋರ್ಡಿಗೂ ಅಂಟಿಸಬಹುದು. ಇನ್ನೊಂದು ಬೀಗದ ಕೈ. ಅದು ನಿಮ್ಮ ಸೆರಗಿನ ಗಂಟು ಬಿಟ್ಟು ಎಲ್ಲಿಗೂ ಹೋಗಬಾರದು, ಹೋಗುವ ಅಗತ್ಯವೂ ಇಲ್ಲ. ಒಳಹೋಗುವಾಗ ವಿಭಾಗದ ಯಂತ್ರ ಒಂದು ಸವಾಲು ಒಡ್ಡುತ್ತದೆ. ಬೀಗದ ಕೈ ಇದ್ದವರು ಮಾತ್ರ ಅದಕ್ಕೆ ಉತ್ತರ ಕೊಡಬಲ್ಲರು. ಉತ್ತರ ಜಾಲದಲ್ಲಿ ಸಾಗುತ್ತದೆ, ಬೀಗದ ಕೈ ಸಾಗುವುದಿಲ್ಲ. ಪಾಸ್‌ವರ್ಡನ್ನು ಊಹಿಸಬಹುದು, ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಬಹುದು, ಫೋನಿನಲ್ಲಿ ಹೇಳಿಬಿಡಬಹುದು. ಫೋನಿನಲ್ಲಿ ಓದಿ ಹೇಳುವಂಥ ವಸ್ತು ಬೀಗದ ಕೈ ಅಲ್ಲ.

ಈಗ ಆ ಸರ್ವೀಸ್ ಹುಡುಗ ಬಂದ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇನ್ನೊಂದು ಯಂತ್ರದ ಪರದೆಯನ್ನೇ ನಮ್ಮ ಮುಂದೆ ತರುವ ತಂತ್ರ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಕೇಂಬ್ರಿಡ್ಜ್‌ನ ಒಂದು ಪ್ರಯೋಗಾಲಯದಲ್ಲಿ ರೂಪುಗೊಂಡ ವಿಎನ್‌ಸಿ 1998ರಷ್ಟು ಹಿಂದೆಯೇ ಮುಕ್ತವಾಗಿ ಸಿಗುತ್ತಿತ್ತು. ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ಕೂಡ ಅದೇ ಕಾಲದ್ದು. ನುಡಿಯ ಹಳೆಯ ಫೈಲನ್ನು ಅದರದೇ ಅಕ್ಷರಗಳಲ್ಲಿ ನೋಡಬೇಕಾದಾಗ ಪರದೆ ಬೇಕೇ ಬೇಕು. ಅಂಥ ಹೊತ್ತಿನಲ್ಲಿ ವಿಎನ್‌ಸಿಯನ್ನು ಎಸ್‌ಎಸ್‌ಎಚ್‌ನ ಕೊಳವೆಯೊಳಗೆ ಸಾಗಿಸಬಹುದು. ತೊಂದರೆ ಇರುವುದು ಸಂಖ್ಯೆ ಕೇಳಿ ಒಳಬರುವ ಬಗೆಯಲ್ಲಿ. ಅಲ್ಲಿ ನಿಮ್ಮ ಯಂತ್ರಕ್ಕೂ ಬರುವವನಿಗೂ ನಡುವೆ ಒಂದು ಕಂಪನಿಯ ಸರ್ವರ್ ಕೂತಿರುತ್ತದೆ. ಬರುವವನು ಯಾರೆಂದು ತಿಳಿಯಲು ಅವನು ಫೋನಿನಲ್ಲಿ ಹೇಳಿಕೊಂಡ ಪರಿಚಯವೇ ಆಧಾರ. ಒಳಬಂದ ಮೇಲೆ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವಿದ್ಯಾರ್ಥಿಗಳ ಅಪ್ರಕಟಿತ ಅಧ್ಯಾಯ ಎಲ್ಲವೂ ಅವನ ಕಣ್ಣ ಮುಂದೆ. ಯಾರೂ ಇಲ್ಲದಾಗಲೂ ಬರುವಂತೆ ಒಂದು ಕಾಯಂ ಪಾಸ್‌ವರ್ಡ್ ಇಟ್ಟುಹೋದರೆ ಅದನ್ನು ಗಮನಿಸುವವರು ಯಾರು?

ಎನಿಡೆಸ್ಕ್ ಎಂಬ ಇಂಥ ತಂತ್ರಾಂಶವನ್ನು ಹಾಕಿಸಿ, ಸಂಖ್ಯೆ ಓದಿಸಿಕೊಂಡು ಜನರ ಖಾತೆಯಿಂದ ಹಣ ಎಗರಿಸುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ತಂತ್ರಾಂಶ ತನ್ನ ಕೆಲಸವನ್ನೇ ಮಾಡುತ್ತಿತ್ತು, ಅದನ್ನು ಹಾಕಿಸಿದವನು ವಂಚಕನಾಗಿದ್ದ ಅಷ್ಟೆ. 2024ರ ಫೆಬ್ರವರಿಯಲ್ಲಿ ಅದೇ ಕಂಪನಿ ತನ್ನ ಸರ್ವರುಗಳೇ ಅತಿಕ್ರಮಣಕ್ಕೆ ಒಳಗಾಗಿವೆ ಎಂದು ಪ್ರಕಟಿಸಿ, ತನ್ನ ಜಾಲತಾಣದ ಪಾಸ್‌ವರ್ಡುಗಳನ್ನೆಲ್ಲ ರದ್ದುಮಾಡಬೇಕಾಯಿತು. ಇಂಥ ವಂಚನೆಯ ಸುದ್ದಿ ಬಂದಾಗಲೆಲ್ಲ 'ಓದಿದವರೂ ಹೀಗೆ ಮೋಸ ಹೋಗುತ್ತಾರಲ್ಲ' ಎಂದು ನಾವು ಆಶ್ಚರ್ಯಪಡುತ್ತೇವೆ. ದೂರಪ್ರವೇಶ ಎಂದರೇನು ಎಂದು ಒಮ್ಮೆಯೂ ಕೈಯಾರೆ ಮಾಡಿ ನೋಡದವರಿಗೆ ಆ ಸಂಖ್ಯೆಯ ಜೊತೆ ತಾವು ಏನನ್ನು ಕೊಡುತ್ತಿದ್ದೇವೆ ಎಂಬುದು ತಿಳಿಯುವ ದಾರಿ ಯಾವುದು? 'ಕಂಪ್ಯೂಟರ್‌ನವರ ಕೆಲಸ' ಎಂದವರು ಕಂಪ್ಯೂಟರ್‌ನವನು ಎಂದು ಹೇಳಿಕೊಂಡು ಫೋನ್ ಮಾಡುವ ಯಾರನ್ನಾದರೂ ನಂಬಲೇಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದ್ದು ಎಷ್ಟಿದೆ? ವಿಭಾಗದ ಯಂತ್ರದಲ್ಲಿ ಎಸ್‌ಎಸ್‌ಎಚ್‌ನ ಸರ್ವರ್ ಭಾಗವನ್ನು ಹಾಕಬೇಕು. ಲಿನಕ್ಸ್‌ನಲ್ಲಿ ಅದು ಒಂದೇ ಆದೇಶ. ವಿಂಡೋಸ್‌ನಲ್ಲಿ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿದೆ. ಪ್ರತಿ ವಿದ್ಯಾರ್ಥಿಗೂ ಅವರ ಹೆಸರಿನಲ್ಲೇ ಒಂದು ಖಾತೆ ಇರಬೇಕು, 'ಅಡ್ಮಿನ್' ಎಂಬ ಊರಹಬ್ಬದ ಖಾತೆ ಬೇಡ. ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪಿನಲ್ಲಿ ಬೀಗ ಮತ್ತು ಬೀಗದ ಕೈಯ ಜೋಡಿ ಮಾಡಿಕೊಂಡು, ಬೀಗವನ್ನು ಮಾತ್ರ ತಂದುಕೊಡಬೇಕು. ಬೀಗದ ಕೈಗೆ ಒಂದು ರಹಸ್ಯ ವಾಕ್ಯದ ಕಾವಲೂ ಇರಲಿ, ಲ್ಯಾಪ್‌ಟಾಪ್ ಕಳೆದರೂ ಭಯವಿರುವುದಿಲ್ಲ. ಎಲ್ಲರ ಬೀಗಗಳೂ ಸೇರಿದ ಮೇಲೆ ಪಾಸ್‌ವರ್ಡಿನಿಂದ ಒಳಬರುವ ದಾರಿಯನ್ನು ಮುಚ್ಚಿಬಿಡಬೇಕು. ಮೊದಲ ಸಲ ಸಂಪರ್ಕಿಸುವಾಗ ಆ ಕಡೆಯ ಯಂತ್ರ ತನ್ನ ಬೆರಳಚ್ಚನ್ನು ತೋರಿಸಿ 'ಒಪ್ಪಿಗೆಯೇ?' ಎಂದು ಕೇಳುತ್ತದೆ. ಬಹುತೇಕರು ನೋಡದೆಯೇ ಹೌದು ಎನ್ನುತ್ತಾರೆ. ವಿಭಾಗಕ್ಕೆ ಹೋದಾಗ ಆ ಬೆರಳಚ್ಚನ್ನು ಕಾಗದದಲ್ಲಿ ಬರೆದುಕೊಂಡು ಬಂದು ತಾಳೆ ನೋಡಿ. ಹಸ್ತಪ್ರತಿಗಳ ಪಾಠಾಂತರ ತಾಳೆ ನೋಡುವವರಿಗೆ ಇದು ಕಷ್ಟದ ಕೆಲಸವಾಗಬಾರದು.

ಉಳಿದ ಎರಡು ಸಲಕರಣೆಗಳು ದೂರದಲ್ಲಿರುವವರಿಗೆ ಬಹಳ ಮುಖ್ಯ. ಟಿಮಕ್ಸ್ ಎಂಬುದನ್ನು ಬಳಸಿದರೆ, ನೆಟ್‌ವರ್ಕ್ ಕಡಿದರೂ ಆ ಕಡೆ ಶುರುಮಾಡಿದ ಕೆಲಸ ನಿಲ್ಲುವುದಿಲ್ಲ. ಕರೆಂಟು ಹೋಗಿ ಬಂದ ಮೇಲೆ, ಇಲ್ಲವೇ ಮರುದಿನ, ಬಿಟ್ಟ ಕಡೆಯಿಂದಲೇ ನೋಡಬಹುದು. ಆರ್‌ಸಿಂಕ್ ಎಂಬುದು ಕಡತಗಳನ್ನು ತರುವಾಗ ಬದಲಾದವುಗಳನ್ನಷ್ಟೇ ತರುತ್ತದೆ. ಸಂಪರ್ಕ ಕಡಿದು ಮತ್ತೆ ಬಂದರೆ ಆಗಲೇ ಬಂದ ಕಡತಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಪರದೆಯನ್ನೇ ಸಾಗಿಸುವ ತಂತ್ರಾಂಶಕ್ಕೆ ಒಳ್ಳೆಯ ನೆಟ್‌ವರ್ಕ್ ಬೇಕು, ಏಕೆಂದರೆ ಅದು ಸತತವಾಗಿ ಚಿತ್ರಗಳನ್ನು ಕಳಿಸುತ್ತಿರಬೇಕು. ಎಸ್‌ಎಸ್‌ಎಚ್ ಕಳಿಸುವುದು ಅಕ್ಷರಗಳನ್ನು. ಮಲೆನಾಡಿನ ಒಂದು ಮನೆಯ ಅಟ್ಟದ ಮೇಲೆ ಎರಡು ಗೆರೆ ಸಿಗ್ನಲ್ ಸಿಕ್ಕರೂ ಅದು ನಡೆಯುತ್ತದೆ.

ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಭದ್ರತೆಯದೇ. 22ನೇ ಬಾಗಿಲನ್ನು ಇಡೀ ಜಗತ್ತಿಗೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲೂ ರಾತ್ರಿ ಬಂದು ತಟ್ಟುತ್ತವೆ. ನಿಜ. ಆದ್ದರಿಂದಲೇ ಪಾಸ್‌ವರ್ಡ್ ದಾರಿಯನ್ನು ಮುಚ್ಚಬೇಕು ಎಂದದ್ದು. ಆದ್ದರಿಂದಲೇ ಪ್ರತಿ ವಿಭಾಗದ ಯಂತ್ರವನ್ನೂ ನೇರವಾಗಿ ಹೊರಗೆ ತೆರೆಯದೆ, ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ಹೆಬ್ಬಾಗಿಲಿನಂಥ ಯಂತ್ರವನ್ನು ಅಥವಾ ವಿಪಿಎನ್ ಅನ್ನು ಇಟ್ಟು, ಅದರ ಮೂಲಕ ಒಳಗೆ ಬಿಡಬೇಕು. ಇದನ್ನು ನೋಡಿಕೊಳ್ಳಲು ಕಂಪ್ಯೂಟರ್ ಕೇಂದ್ರದವರು ಖಂಡಿತ ಬೇಕು. ಅವರ ಕೆಲಸವನ್ನು ಕಸಿಯಿರಿ ಎಂದು ನಾನು ಹೇಳುತ್ತಿಲ್ಲ, ಏನು ಬೇಕೆಂದು ಅವರ ಹತ್ತಿರ ಸರಿಯಾಗಿ ಕೇಳುವಷ್ಟಾದರೂ ಕಲಿಯೋಣ ಎನ್ನುತ್ತಿದ್ದೇನೆ. ಸರಿಯಾಗಿ ಕೇಳಿದರೆ 'ಭದ್ರತಾ ಕಾರಣ' ಎಂಬ ಒಂದು ಸಾಲಿನಲ್ಲಿ ಸಾಗಹಾಕುವುದು ಕಷ್ಟ.

ಎರಡನೆಯದು, ವಿದ್ಯಾರ್ಥಿಗಳು ಸಾಮಗ್ರಿ ಕದ್ದುಬಿಡುತ್ತಾರೆ ಎಂಬ ಅಂಜಿಕೆ. ಈಗ ಸಾಮಗ್ರಿ ಹೋಗುತ್ತಿರುವುದು ಪೆನ್‌ಡ್ರೈವ್‌ನಲ್ಲಿ. ಯಾರು ಒಯ್ದರು, ಏನನ್ನು ಒಯ್ದರು ಎಂಬುದಕ್ಕೆ ದಾಖಲೆ ಇಲ್ಲ, ಬರುವಾಗ ವೈರಸ್ಸೂ ಜೊತೆಗೆ. ಹೆಸರಿನ ಖಾತೆಯಲ್ಲಿ ಯಾರು ಯಾವಾಗ ಒಳಬಂದರು ಎಂಬುದು ದಾಖಲಾಗುತ್ತದೆ. ಸಂಗ್ರಹವನ್ನು ಓದಲು ಬಿಟ್ಟು ತಿದ್ದಲು ಬಿಡದಂತೆ, ಕೆಲವು ಕಡತಗಳನ್ನು ಕೆಲವರಿಗಷ್ಟೇ ಕಾಣುವಂತೆ ಮಾಡಬಹುದು. ಹಾಡಿದವರ ಒಪ್ಪಿಗೆ ಇಲ್ಲದ ಧ್ವನಿಮುದ್ರಣಗಳ ವಿಷಯದಲ್ಲಿ ಹಾಗೆ ಮಾಡಲೇಬೇಕು. ಸಂಗ್ರಹದ ಬಗ್ಗೆ ಅಷ್ಟೊಂದು ಕಾಳಜಿ ಇರುವವರು ಪೆನ್‌ಡ್ರೈವಿಗಿಂತ ಮೊದಲು ಇದನ್ನು ಕೇಳಬೇಕಿತ್ತು.

ಮೂರನೆಯ ಆಕ್ಷೇಪ ತಿಳಿದವರದು: ಎಸ್‌ಎಸ್‌ಎಚ್‌ಗೂ ಕನ್ನ ಹಾಕಲು ನೋಡಿದ್ದರಲ್ಲ? ಹೌದು. ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಎಸ್‌ಎಸ್‌ಎಚ್ ಸರ್ವರ್ ಪರೋಕ್ಷವಾಗಿ ಆಧರಿಸಿದ್ದ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲನ್ನು ಅಡಗಿಸಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಬಯಲು ಮಾಡಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು ಅವರು ಬೆನ್ನುಹತ್ತಿದ್ದರು. ಇದರಿಂದ ನಾನು ಕಲಿಯುವ ಪಾಠ, ಮುಕ್ತ ತಂತ್ರಾಂಶಕ್ಕೆ ಅಪಾಯವೇ ಇಲ್ಲ ಎಂದಲ್ಲ. ಒಳಗನ್ನು ಬಿಚ್ಚಿ ನೋಡಲು ಅವಕಾಶವಿದ್ದುದರಿಂದ, ದಿನವೂ ಬಳಸುತ್ತಿದ್ದ ಒಬ್ಬರ ಸಣ್ಣ ಅನುಮಾನ ಉತ್ತರದವರೆಗೆ ಹೋಗಲು ಸಾಧ್ಯವಾಯಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ಅನುಮಾನ ಕಂಪನಿಗೆ ಬರೆದ ಒಂದು ಮೇಲ್ ಆಗಿ ಮುಗಿಯುತ್ತಿತ್ತು.

ಕೊನೆಯದು, ನನಗೆ ಹೆಚ್ಚು ಬೇಸರ ತರುವ ಆಕ್ಷೇಪ: 'ಸಾಹಿತ್ಯದವರು ಓದಬೇಕು, ಆ ಕಪ್ಪು ಪರದೆಯಲ್ಲಿ ನಮಗೇನು ಕೆಲಸ?' ಆ ಕಪ್ಪು ಪರದೆಯಲ್ಲಿ ಒಮ್ಮೆ ಕನ್ನಡ ಬರೆದು ನೋಡಿ. ಎಷ್ಟೋ ಟರ್ಮಿನಲ್ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಒಡೆದು, ಸ್ವರಚಿಹ್ನೆಗಳು ಅಕ್ಷರದಿಂದ ಸಿಡಿದು ನಿಲ್ಲುತ್ತವೆ. ಕಡತದೊಳಗಿನ ಯೂನಿಕೋಡ್ ಪಠ್ಯಕ್ಕೆ ಏನೂ ಆಗಿರುವುದಿಲ್ಲ, ತೋರಿಸುವುದರಲ್ಲಿ ಮಾತ್ರ ಎಡವಟ್ಟು. ಒಂದು ಅಕ್ಷರಕ್ಕೆ ಒಂದು ಸಮಾನ ಚೌಕ ಎಂಬ ರೋಮನ್ ಲಿಪಿಯ ಲೆಕ್ಕದಲ್ಲಿ ಆ ಪರದೆಯನ್ನು ಕಟ್ಟಿದ್ದಾರೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಎಷ್ಟು ಚೌಕ ಕೊಡಬೇಕೆಂಬ ಪ್ರಶ್ನೆ ಅಲ್ಲಿ ಮೊದಲು ಏಳಲಿಲ್ಲ. ಏಕೆಂದರೆ ಅದನ್ನು ಕೇಳಬೇಕಾದವರು ಆ ಕಡೆ ಸುಳಿಯಲೇ ಇಲ್ಲ. ಅಕ್ಷರ ಎಂದರೇನು, ಎಲ್ಲಿ ಒಡೆಯಬೇಕು, ಎಲ್ಲಿ ಒಡೆಯಬಾರದು ಎಂಬುದು ವ್ಯಾಕರಣದ ಪ್ರಶ್ನೆ. ಅದನ್ನು 'ಕಂಪ್ಯೂಟರ್‌ನವರ ಕೆಲಸ' ಎಂದು ಬಿಟ್ಟುಕೊಟ್ಟವರು ನಾವು. ಯಂತ್ರದಲ್ಲಿ ಕನ್ನಡ ಸರಿಯಾಗಿ ಕಾಣುವುದಿಲ್ಲ ಎಂದು ಆಮೇಲೆ ದೂರುವವರೂ ನಾವೇ.

ಆದ್ದರಿಂದ ಕೇಳಬೇಕಾದ್ದನ್ನು ನೇರವಾಗಿ ಕೇಳೋಣ. ಪಿಎಚ್‌.ಡಿ. ಕೋರ್ಸ್‌ವರ್ಕ್‌ನ ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಅಡಿಟಿಪ್ಪಣಿ ಹಾಕುವುದನ್ನು ಕಲಿಸುತ್ತೇವೆ. ಅದರ ಜೊತೆಗೆ ಎರಡು ಮಧ್ಯಾಹ್ನ ಎಸ್‌ಎಸ್‌ಎಚ್‌ಗೆ ಇರಲಿ. ವಿಶ್ವವಿದ್ಯಾಲಯಕ್ಕೊಂದು ಹೆಬ್ಬಾಗಿಲು ಯಂತ್ರ ಇರಲಿ. ನೋಂದಣಿಯಾದ ದಿನ ಗ್ರಂಥಾಲಯದ ಕಾರ್ಡಿನ ಜೊತೆ ಒಂದು ಖಾತೆ ಕೊಡಲಿ, ಪದವಿ ಮುಗಿದ ದಿನ ಅದನ್ನು ಮುಚ್ಚಲಿ. ಫೋನಿನಲ್ಲಿ ಸಂಖ್ಯೆ ಕೇಳಿ ಒಳಬರುವವರ ಹೆಸರು, ದಿನ, ಕಾರಣವನ್ನು ಬರೆಯಲು ವಿಭಾಗದಲ್ಲಿ ಒಂದು ಪುಸ್ತಕ ಇರಲಿ, ಕೆಲಸ ಮುಗಿದ ಕೂಡಲೇ ಆ ತಂತ್ರಾಂಶವನ್ನು ತೆಗೆಯಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ. ವಿಚಾರ ಸಂಕಿರಣವೂ ಬೇಡ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ವಿಭಾಗ ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಹೊಸದು ಇದ್ದರೆ ಎರಡನ್ನೂ ಒಂದೇ ವೈಫೈಗೆ ಸೇರಿಸಿ, ಒಂದರಿಂದ ಇನ್ನೊಂದರೊಳಗೆ ಹೋಗಿ ಬನ್ನಿ. ಒಂದು ಭಾನುವಾರದ ಕೆಲಸ. ಆಮೇಲೆ ವಿಭಾಗಕ್ಕೆ ಹೋಗಿ ಅರ್ಜಿ ಕೊಡಿ. 'ಭದ್ರತಾ ಕಾರಣಗಳಿಂದ ಸಾಧ್ಯವಿಲ್ಲ' ಎಂಬ ಉತ್ತರ ಬಂದರೆ, ಯಾವ ಕಾರಣ ಎಂದು ಬರೆಹದಲ್ಲಿ ಕೇಳಿ.